ನಡಾವಳಿಯ ಕನ್ನಡ ಪ್ರತಿ

ನನ್ನ ಕೆಲಸ ಇಷ್ಟೇ:
ಅವರು ಮಲಯಾಳದಲ್ಲಿ ಬರೆದದ್ದನ್ನು
ಕನ್ನಡಕ್ಕೆ ಇಳಿಸುವುದು.
ಪುಟಕ್ಕೆ ನಲವತ್ತು ರೂಪಾಯಿ. ಮೊಹರು ಅವರದ್ದು.

ಈ ಸಲ ಒಂದೇ ಶಬ್ದ ಮೂರು ದಿನ ಕಾಡಿತು.
ಬೋಟ್ ರ‍್ಯಾಂಪ್.
ದಕ್ಕೆ ಅಂದರೆ ಮೀನಿನ ವಾಸನೆ ಬರುತ್ತದೆ,
ಮೆಟ್ಟಿಲು ಅಂದರೆ ಯಾರೋ ಮೀಯಲು ಇಳಿಯುತ್ತಾರೆ,
ಇಳಿಜಾರು ಅಂದರೆ ಆಗಲೇ ಜಾರಿದ ಹಾಗೆ.
ಕಡವು ಅನ್ನಬಹುದಿತ್ತು, ಎರಡೂ ಭಾಷೆಗೆ ಒಂದೇ ಶಬ್ದ,
ಆದರೆ ಕಡವಿಗೆ ಆಚೆ ದಡ ಬೇಕು.
ಇವರ ದೋಣಿಗಳು ಆಚೆ ಹೋಗುವುದಿಲ್ಲ;
ಒಂದು ಸುತ್ತು ಹೊಡೆದು, ಫೋಟೊ ಹಿಡಿದು,
ಹೊರಟಲ್ಲಿಗೇ ಬರುತ್ತವೆ.

ಸಭೆ ಶನಿವಾರ ಹನ್ನೊಂದಕ್ಕೆ, ಶಾಲೆಯ ಮಹಡಿಯಲ್ಲಿ.
ಚಾ, ಬಾಳೆಹಣ್ಣಿನ ಪೋಡಿ, ತೊಂಬತ್ತು ಕುರ್ಚಿ.
ಎಂಜಿನಿಯರ್ ಸುನಿಲನ್ ಗೋಡೆಯ ಮೇಲೆ ಹೊಳೆ ತೋರಿಸಿದರು:
ನೀಲಿ, ಚಪ್ಪಟೆ, ಒಂದು ಕೊಕ್ಕರೆಯೂ ಇಲ್ಲದ ಶಿರಿಯಾ.
ಅದಕ್ಕೆ ಹನ್ನೆರಡು ಮೀಟರ್ ಅಗಲದ
ಕಾಂಕ್ರೀಟಿನ ನಾಲಗೆ.

ಶಾರ್ಜಾದಲ್ಲಿ ಇಪ್ಪತ್ತೆರಡು ವರ್ಷ ಕಳೆದ ಹಸೈನಾರ್ ಎದ್ದ.
ಎರಡು ಬೋಟು ತಂದಿದ್ದೇನೆ, ಅಂಗಳದಲ್ಲಿವೆ,
ಒಂದರಲ್ಲಿ ಕೋಳಿ ಮೊಟ್ಟೆಯಿಡುತ್ತದೆ.
ನಾನು ಹೋದ ಹಾಗೆ ನನ್ನ ಮಕ್ಕಳು ಹೋಗುವುದು ಬೇಡ
ಅಂದರೆ ತಪ್ಪಾ?
ತಪ್ಪಲ್ಲ ಅಂತ ನನಗೂ ಅನ್ನಿಸಿತು. ಬರೆದೆ.

ವಿಲಾಸಿನಿ ಟೀಚರ್ ಕಾಂಡ್ಲಾ ಗಿಡಗಳ ಲೆಕ್ಕ ಓದಿದರು.
ನೂರ ಹದಿನೇಳು. ಪ್ರತಿಯೊಂದಕ್ಕೂ ಕೆಂಪು ರಿಬ್ಬನ್ ಕಟ್ಟಿದ್ದರಂತೆ,
ಯಾರೋ ಬಿಚ್ಚಿಕೊಂಡು ಹೋಗಿದ್ದರಂತೆ.
ಬಲ್ಲಾಳರು ಹೋಂಸ್ಟೇಗೆ ಬಂದವರು ಕೇಳುವ
ಮೊದಲ ಪ್ರಶ್ನೆಯನ್ನು ಹೇಳಿದರು: ಬೋಟಿಂಗ್ ಉಂಟಾ?
ಆಮೇಲೆ ಹಿಂದಿನ ಸಾಲಿನಿಂದ ಯಾರೋ,
ನೋಟೀಸು ಕನ್ನಡದಲ್ಲಿ ಯಾಕಿಲ್ಲ ಅಂದರು.
ಮುಗಿಯಿತು.
ನಲವತ್ತು ನಿಮಿಷ ಹೊಳೆ ಎಲ್ಲೋ ಹರಿಯಿತು,
ಎಲ್ಲರೂ ನನ್ನನ್ನು ನೋಡಿದರು,
ನಾನು ಪೋಡಿ ನೋಡಿದೆ.

ಮರುವಾಯಿ ಹೆಕ್ಕುವವರು ಬಂದಿದ್ದಾರಾ?
ಅಧ್ಯಕ್ಷರು ಎರಡು ಸಲ ಕೇಳಿದರು, ಒಳ್ಳೆಯ ಮನುಷ್ಯ.
ಎಡಗಡೆಯ ಕುರ್ಚಿಗಳು ಬರಿದಾಗಿದ್ದವು.
ಬರೆಯಿರಿ: ಆಕ್ಷೇಪ ಬಂದಿಲ್ಲ.

ಒಂದೂವರೆಗೆ, ಕುರ್ಚಿ ಮಡಚುವ ಹೊತ್ತಿಗೆ,
ಬೀಪಾತು ಬಂದಳು.
ಸೊಂಟದವರೆಗೆ ಒದ್ದೆ, ಮೊಣಕೈವರೆಗೆ ಕೆಸರು,
ಬುಟ್ಟಿಯಿಂದ ಮೆಟ್ಟಿಲುದ್ದಕ್ಕೂ ತೊಟ್ಟಿಕ್ಕಿದ ನೀರು.
ಮುಗಿಯಿತಾ?
ಹನ್ನೊಂದಕ್ಕೆ ಇಟ್ಟವರು ಯಾರು?
ಇವತ್ತು ಇಳಿತವೂ ಹನ್ನೊಂದಕ್ಕೆ.
ನಮ್ಮ ಆಫೀಸು ದಿನಕ್ಕೆ ಮೂರು ಗಂಟೆ ತೆರೆಯುವುದು,
ನಿಮ್ಮದು ಸಂಜೆವರೆಗೂ ಉಂಟಲ್ಲ?

ಅವಳ ಬ್ಯಾರಿ ಮಾತಿಗೆ ಪುಟವಿಲ್ಲ, ರೂಪಾಯಿಯೂ ಇಲ್ಲ.
ಗೋಡೆಯ ಹೊಳೆ ಇನ್ನೂ ಆರಿಸಿರಲಿಲ್ಲ. ಅವಳು ಹತ್ತಿರ ಹೋಗಿ ನೋಡಿದಳು,
ಮೊಣಕೈಯ ನೆರಳು ಸೇತುವೆಯ ಮೇಲೆ ಬಿತ್ತು.
ಇದು ನೀರು ತುಂಬಿದಾಗಿನದ್ದಾ, ಇಳಿದಾಗಿನದ್ದಾ?
ಸುನಿಲನ್ ಬಾಯಿ ತೆರೆದರು.
ಚಿತ್ರದಲ್ಲಿ ಹೊಳೆ
ಒಂದೇ ಎತ್ತರದಲ್ಲಿ ನಿಂತಿತ್ತು.

ಬೇಡ ಅಂತ ಅವಳು ಹೇಳಲಿಲ್ಲ, ಬೇಕು ಅಂತಲೂ.
ಎಲ್ಲಿಗೆ ಬರುತ್ತದೆ ಅಂತಷ್ಟೇ ಕೇಳಿದಳು.

ರಾತ್ರಿ ಪ್ರತಿ ಮಾಡಲು ಕೂತೆ.
ಮೂಲದಲ್ಲಿ ಇರುವುದು: ಆಕ್ಷೇಪ ಬಂದಿಲ್ಲ.
ಮೂಲ ಮೀರಬಾರದು, ನಿಯಮ ಗೊತ್ತು.
ಬರೆದೆ: ಆಕ್ಷೇಪ ಸಭೆಯ ವೇಳೆಯಲ್ಲಿ ನೀರಿನಲ್ಲಿತ್ತು.
ಒಂದೂವರೆಗೆ ನಡೆದು ಬಂತು.
ಕನ್ನಡ ಪ್ರತಿ ಓದುವವರು ಯಾರಿದ್ದಾರೆ ಅಂತ
ಎಷ್ಟೋ ಸಲ ಬೇಸರಪಟ್ಟಿದ್ದೆ; ಆ ರಾತ್ರಿ ಅದೇ ಧೈರ್ಯ.

ಆ ಶಬ್ದದ ಜಾಗ ಮಾತ್ರ ಇನ್ನೂ ಖಾಲಿ.
ಮಾರನೆಯ ದಿನ ದಡದಲ್ಲಿ ಅವಳನ್ನೇ ಕೇಳಿದೆ,
ನೀನಾದರೆ ಅದಕ್ಕೆ ಏನನ್ನುತ್ತೀ?
ಅವಳು ಬುಟ್ಟಿ ಜಾಲಾಡುತ್ತಿದ್ದಳು.
ಅದರ ಮೇಲೆ ಇದನ್ನು ಇಡಬಹುದಾ?
ಗೊತ್ತಿಲ್ಲ, ಅಂದೆ.
ಗೊತ್ತಾದ ಮೇಲೆ ಬಾ, ಹೇಳುತ್ತೇನೆ.