ಕಳ್ಳತೂಕ

ಬೋಳಾರದಲ್ಲಿ ಬೆಂಕಿ ಆರಿದ ಹೆಂಚಿನ ಕಾರ್ಖಾನೆ,
ಅದರ ಗೂಡಿನೊಳಗೆ ನಮ್ಮ ಪ್ರಾಕ್ಟೀಸು.
ಎರಡು ಸಾವಿರದ ಎರಡನೇ ಇಸವಿ. ಗಂಟೆಗೆ ನಲವತ್ತು ರೂಪಾಯಿ,
ವಾಚ್‌ಮನ್ನನಿಗೆ ಬೇರೆ, ಅರ್ಧ ಕಟ್ಟು ಬೀಡಿ.
ಡೆರಿಲ್ ಲೋಬೊ ಗಿಟಾರಿನ ದಪ್ಪ ತಂತಿಯನ್ನು
ಇಳಿಸಿ ಇಳಿಸಿ, ಕಟ್ಟಿಹಾಕಿದ ದೋಣಿಯ ಹಗ್ಗದಷ್ಟು
ಸಡಿಲ ಮಾಡಿಟ್ಟಿದ್ದ.
ಅನ್ಸಾರ್ ತನ್ನ ಮಾವನ ರೆಕಾರ್ಡ್ ಪ್ಲೇಯರಿನಲ್ಲಿ
ಸೂಜಿಯನ್ನು ಹಿಂದೆ ಮುಂದೆ ಎಳೆಯುತ್ತಿದ್ದ,
ಬೂತಾಯಿಯ ಹುರುಪೆ ಕೆರೆದ ಹಾಗೆ.
ಡ್ರಮ್ಮಿನ ಹಿಂದೆ ನಾನು. ಮೈಕಿನ ಮುಂದೆ
ತಿಲಕರಾಜ ಕರ್ಕೇರ,
ದಕ್ಕೆಯಲ್ಲಿ ಏಲಂ ಕೂಗುವ ವಾಮನಣ್ಣನ ಮಗ.

ಮೊದಮೊದಲು ಅವನು ಅಮೆರಿಕದ ಹುಡುಗರ ಸಿಟ್ಟು ಹಾಡಿದ.
ಅವರ ಊರಿನ ಖಾಲಿ ಪಾರ್ಕಿಂಗು,
ಹಿಮದಲ್ಲಿ ಹೂತ ಬಾಗಿಲು.
ಇವನು ಹಿಮ ಅಂತ ಕಂಡದ್ದು ಐಸ್ ಪ್ಲಾಂಟಿನಲ್ಲಿ,
ಮರದ ಹೊಟ್ಟು ಮೆತ್ತಿಕೊಂಡ ಗಡ್ಡೆ.
ಆಮೇಲೆ ಅದೇ ಐಸಿನ ರಶೀದಿಗಳ ಬೆನ್ನಿಗೆ
ಪೆನ್ಸಿಲಿನಲ್ಲಿ ಬರೆಯತೊಡಗಿದ:

ತಳ ಕೊರೆದ ಕಲ್ಲು, ತಳ ಕೊರೆದ ಕಲ್ಲು,
ಜಲಜಕ್ಕನ ಬುಟ್ಟಿಯಲ್ಲಿ ಕಾಲು ಕಿಲೋ ಗಾಳಿ.

ಬರೆಯುವಾಗ ಒಂದು ಒತ್ತಕ್ಷರ ತಪ್ಪುವವನಲ್ಲ.
ಬರೆದದ್ದನ್ನೆಲ್ಲ ಕಿರುಚಿ ಅಳಿಸುವುದು ಅವನ ಕ್ರಮ.
ಯಾರಿಗೆ ತಿಳಿಯುತ್ತದೆ ಇದು ಎಂದು ಕೇಳಿದೆ.
‘ತಿಳಿಯಬಾರದು ಅಂತಲೇ ಮಾರಾಯ,
ನಮ್ಮ ಮನೆ ವಿಷಯ.’

ಪುರಭವನದ ಕಾರ್ಯಕ್ರಮಕ್ಕೆ
ಟಿಕೆಟು ಕೊಂಡು ಬಂದರು ವಾಮನಣ್ಣ.
ಮೂರನೇ ಸಾಲು. ಪಕ್ಕದವರೆಲ್ಲ ಕಿವಿ ಮುಚ್ಚಿಕೊಂಡರೂ
ಅವರು ಕೈಕಟ್ಟಿ ಕೂತಿದ್ದರು.
ಮುಗಿದ ಮೇಲೆ ಪರದೆಯ ಹಿಂದೆ ಬಂದು,
‘ಒಂದಕ್ಷರ ತಿಳಿಯಲಿಲ್ಲ. ಆದರೆ ಕಡೆಗೆ
ಶ್ವಾಸ ತಪ್ಪಿದೆ ನಿನಗೆ. ಗಂಟಲಿಂದ ಅಲ್ಲ,’
ಮಗನ ಹೊಟ್ಟೆಗೆ ಅಂಗೈ ಊರಿ,
‘ಇಲ್ಲಿಂದ’ ಅಂದರು.
ಮೂವತ್ತು ವರ್ಷ ಕೂಗಿದ ಗಂಟಲು ಅವರದ್ದು,
ಒಂದು ದಿನ ಒಡೆದದ್ದಿಲ್ಲ.

ಆ ವಾರ ತಕ್ಕಡಿಯ ಪಕ್ಕ ಹೊಸ ಕಲ್ಲು,
ಪೇಂಟು ಇನ್ನೂ ಕೈಗೆ ಹತ್ತುತ್ತಿತ್ತು.
ಇಲಾಖೆಯವರು ಬಂದಿದ್ದರು ಅಂತ ಸುದ್ದಿ. ಇರಬಹುದು.
ತಿಲಕ ಆ ಹಾಡು ಬಿಟ್ಟ.
ಜನ ಬಿಡಲಿಲ್ಲ.
ಮಣಿಪಾಲದಲ್ಲಿ ಇನ್ನೂರು ಹುಡುಗರು
‘ಕಲ್ಲು! ಕಲ್ಲು!’ ಎಂದು ಕೂಗಿದ್ದಕ್ಕೆ
ಗಲಾಟೆ ಎಂದುಕೊಂಡು ಪೊಲೀಸಿನವ ಮೇನ್ ಸ್ವಿಚ್ಚೇ ಇಳಿಸಿದ.
ಸುರತ್ಕಲ್, ಉಡುಪಿ, ಒಮ್ಮೆ ಗೋವಾ.
ಮುನ್ನೂರು ಸಿ.ಡಿ. ಮಾಡಿಸಿದೆವು,
ಇನ್ನೂರ ಹತ್ತು ಈಗಲೂ ನನ್ನ ಅಟ್ಟದಲ್ಲಿ.

ಇಪ್ಪತ್ತೊಂಬತ್ತಕ್ಕೆ ಅವನ ಧ್ವನಿತಂತುವಿನಲ್ಲಿ ಗಂಟು.
ಆರು ವಾರ ಮಾತೇ ಬೇಡ ಎಂದರು ಅತ್ತಾವರದ ಡಾಕ್ಟರು.
ಆ ಆರು ವಾರದಲ್ಲಿ ಹನ್ನೊಂದು ಹಾಡು ಬರೆದ,
ಕಿರುಚಲು ಎಲ್ಲೂ ಜಾಗವೇ ಇಲ್ಲದಂಥವು.
ಎಲ್ಲಿ ಹೊಡೆಯಬೇಕೆಂದು ನನಗೆ ತೋಚಲಿಲ್ಲ.
ಯಾರೂ ಜಗಳವಾಡಲಿಲ್ಲ. ಡೆರಿಲ್ ಹಡಗು ಹತ್ತಿದ.
ಅನ್ಸಾರನದ್ದು ಬಂದರಿನಲ್ಲಿ ಮೊಬೈಲ್ ಅಂಗಡಿ.
ನನ್ನದು ಕಂಕನಾಡಿಯಲ್ಲಿ ಟೈಲ್ಸ್.
ತಿಲಕ ಐಸ್ ಪ್ಲಾಂಟಿನ ಆಫೀಸಿನಲ್ಲಿ,
ರಶೀದಿಯ ಮುಂಭಾಗ ಬರೆಯುತ್ತಾನೆ.

ಮೊನ್ನೆ ಬಚ್ಚಲಿಗೆ ಟೈಲು ನೋಡಲು ಜಲಜಕ್ಕ ಬಂದಳು.
ಮಾತಿಗೆ ಮಾತು, ವಾಮನಣ್ಣ ತೀರಿಹೋದ ಸುದ್ದಿ ಬಂತು.
‘ಪಾಪ, ಎಷ್ಟೋ ವರ್ಷದಿಂದ ಕಿವಿಯೇ ಇರಲಿಲ್ಲ ಅವರಿಗೆ.
ಬೋಟಿನ ಇಂಜಿನು ತಿಂದಿತ್ತು. ಹೇಳಿದರೆ ಏಲಂ ಹೋಗ್ತದಲ್ಲ?
ಎಷ್ಟಕ್ಕೆ ಕೇಳ್ತೇವೆ ಅಂತ ನಮ್ಮ ತುಟಿ ನೋಡಿಯೇ ಹಿಡೀತಿದ್ದರು.’
‘ಮನೆಯಲ್ಲಿ?’
‘ಮನೆಯಲ್ಲಿ ಕರೆದರೆ ಉತ್ತರ ಇಲ್ಲ.
ಸಿಟ್ಟಿನ ಮನುಷ್ಯ ಅಂತ ಮಕ್ಕಳು ಸುಮ್ಮನಿದ್ದರು.’

ಮೂರನೇ ಸಾಲು.
ಕಿರುಚುವಾಗ ತಿಲಕನ ಬಾಯಿ
ಎಷ್ಟು ಅಗಲ ತೆರೆಯುತ್ತಿತ್ತು.

ಫೋನು ಕೈಗೆತ್ತಿಕೊಂಡೆ. ಇಟ್ಟೆ.
ಜಲಜಕ್ಕ ಪೆಟ್ಟಿಗೆ ಬಿಚ್ಚಿಸಿ
ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತು
ಒಂದೊಂದೇ ಟೈಲು ಎಣಿಸುತ್ತಿದ್ದಳು.