ಐವತ್ತು

ಎಡ್ಮೇ ವೊಟೂರಳ ತಲೆ ನನ್ನ ತೊಟ್ಟಿಯೊಳಗಿತ್ತು,
ಮಗಳ ಮದುವೆಗೆ ಹೊರಟ ತಲೆ,
ಕಿವಿಯವರೆಗೆ ನೊರೆ.
ಮಹಡಿಯಲ್ಲಿ ಯಾರೋ ಫ್ಲಶ್ ಎಳೆದರು.
ಕೈಯೊಳಗಿನ ಧಾರೆ ದಾರವಾಯಿತು,
ದಾರ ಹನಿಯಾಯಿತು,
ಹನಿಯೂ ಯೋಚಿಸಿ ಯೋಚಿಸಿ ಬಿತ್ತು.
ನೆಲದಡಿಯಲ್ಲಿ ಟಕ್.
ಹುಚ್ಚು ಹಿಡಿದಂತೆ ನುಗ್ಗಿತು ಮತ್ತೆ,
ಅವಳ ಕುತ್ತಿಗೆಗೆ, ಅಂಗಿಯೊಳಗೆ, ಐಸಿನಷ್ಟು ತಣ್ಣಗೆ.
ಕಾದು ಕುಳಿತ ಮೂವರೆದುರು
ನನ್ನದೇ ನೀರು ನನ್ನ ನೀರಿಳಿಸಿತು.

ನ್ಯೂ ಬ್ರನ್ಸ್‌ವಿಕ್ಕಿನ ಈ ಕರಾವಳಿಯಲ್ಲಿ ಮನೆಗೊಂದು ಬಾವಿ.
ಇಣುಕಿ ನೋಡುವಂಥ ಬಾವಿಯಲ್ಲ,
ಹಿಮದಿಂದ ಮೊಳದುದ್ದ ಮೇಲೆದ್ದ ಕಬ್ಬಿಣದ ಕೊಳವೆ.
ನೂರೆಂಬತ್ತು ಅಡಿ ಕೆಳಗೆ, ಕೆಂಪು ಮರಳುಗಲ್ಲಿನ ಕತ್ತಲಲ್ಲಿ
ನನ್ನ ಮುಂಗೈ ಗಾತ್ರದ ಮೋಟಾರು.
ಕಣ್ಣಾರೆ ಕಂಡದ್ದಿಲ್ಲ,
ರಸೀದಿ ಮಾತ್ರ ನನ್ನ ಹೆಸರಿನಲ್ಲಿ.

ಆಲ್ಫೇ ಮಾಝೆರೋಲ್ ನೆಲಮಾಳಿಗೆಗೆ ಇಳಿದ,
ನೀಲಿ ಟ್ಯಾಂಕಿಗೆ ಬೆರಳಗೆಣ್ಣಿನಿಂದ ಬಡಿದ,
ಕಲ್ಲಂಗಡಿ ಕೊಳ್ಳುವವರ ಹಾಗೆ.
ಮೇಲೆ ಟಣ್ ಅನ್ನಬೇಕಿತ್ತು, ಕೆಳಗೆ ದಬ್.
ನೆತ್ತಿಯಿಂದ ಬುಡದವರೆಗೂ ದಬ್.
ತುದಿಯ ಪಿನ್ನನ್ನು ಉಗುರಿನಿಂದ ಒತ್ತಿದ,
ಗಾಳಿ ಬರಬೇಕಾದಲ್ಲಿ ನೀರು ಅವನ ಕನ್ನಡಕಕ್ಕೆ ಹಾರಿತು.
"ಒಳಗಿನ ರಬ್ಬರ್ ಚೀಲ ಹರಿದಿದೆ, ಒದೆಟ್.
ನೀರನ್ನು ಅಮುಕಲಾಗುವುದಿಲ್ಲ, ಗಾಳಿಯನ್ನು ಅಮುಕಬಹುದು.
ನಿನ್ನ ನಲ್ಲಿಗೆ ಒತ್ತಡ ಬರುವುದು
ನೀರಿನ ಬೆನ್ನಿಗೆ ನಿಂತ ಗಾಳಿಯಿಂದ."

ನನ್ನ ಬೆನ್ನಿಗೆ ಯಾರು ನಿಂತಿದ್ದಾರೋ,
ಹೋದ ವಾರ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ
ನೂರಾ ಅರವತ್ತೆರಡು ಅಂದಿದ್ದರು.
ಅದನ್ನು ಆಲ್ಫೇಗೆ ಹೇಳಲಿಲ್ಲ.

ಹೊಸ ಟ್ಯಾಂಕು ತಂದರೂ, ಅಂದ,
ಪಂಪು ನಲವತ್ತಕ್ಕೆ ಏಳುತ್ತದೆ, ಅರವತ್ತಕ್ಕೆ ಮಲಗುತ್ತದೆ,
ನಡುವಿನ ಇಪ್ಪತ್ತು ನಿನ್ನ ಗಿರಾಕಿಗಳ ನೆತ್ತಿಗೆ ಗೊತ್ತಾಗುತ್ತದೆ.
ಅದೂ ಬೇಡವೆಂದರೆ ಗೋಡೆಗೊಂದು ಪೆಟ್ಟಿಗೆ ಬೇಕು,
ಕೇಳಿದಷ್ಟೇ ತಿರುಗಲು ಮೋಟಾರಿಗೆ ಕಲಿಸುವಂಥದ್ದು:
ಒಂದು ನಲ್ಲಿಗೆ ನಡಿಗೆ, ಮೂರು ನಲ್ಲಿಗೆ ಓಟ.
ಮೋಟಾರೂ ಬೇರೆಯದೇ ಆಗಬೇಕು.
ಬೆಲೆ ಹೇಳಿದ.
ತಲೆ ಬೋಳಿಸುವುದು ನನ್ನ ಕಸುಬು ಅಂದುಕೊಂಡಿದ್ದೆ.

ಚೌಕಾಸಿಯಾಯಿತು. ಅರ್ಧ ದುಡ್ಡು, ಇನ್ನರ್ಧಕ್ಕೆ ಎರಡು ವರ್ಷ ತಲೆಗಳು.
ಅವನದು ನುಣ್ಣಗಿದೆ, ಅದರಿಂದ ಏನೂ ಹುಟ್ಟುವುದಿಲ್ಲ.
ನಾಲ್ಕು ಗಂಡುಮಕ್ಕಳದು,
ಲಾಬ್‌ಸ್ಟರ್ ಕಾರ್ಖಾನೆಯ ವಾಸನೆ ಹೊತ್ತು ಬರುವ ಹೆಂಡತಿಯದು,
ಪ್ರತಿ ಶುಕ್ರವಾರ ಅವನ ತಾಯಿಯದು.
ಬಣ್ಣ ಬೇರೆ ಲೆಕ್ಕ, ಅಂತ ಕೆಳಗೆ ಬರೆಸಿದೆ.

ಹಳೆಯದನ್ನು ಮೇಲೆತ್ತಿದ ದಿನ
ಕಪ್ಪು ಪೈಪು ಅಂಗಳ ಮುಗಿಸಿ, ಬೇಲಿ ದಾಟಿ,
ಪಕ್ಕದವರ ಟ್ರಾಂಪೊಲಿನ್ ತನಕ ಮಲಗಿತು.
ಕೊನೆಯಲ್ಲಿ ಅದು ಬಂತು, ಕೆಂಪು ಕಿಟ್ಟ ಕಟ್ಟಿಕೊಂಡು.
ಕೈಗವುಸು ತೆಗೆದು ಮುಟ್ಟಿದೆ. ಮೀನಿನಷ್ಟು ತಣ್ಣಗೆ.
ಹನ್ನೊಂದು ವರ್ಷ ಬೈದಿದ್ದೆ ಇದನ್ನೇ.

ಆ ರಾತ್ರಿ ಎಚ್ಚರವಾಯಿತು. ಏನೋ ಇಲ್ಲ.
ಟಕ್ ಇಲ್ಲ.
ಮಗಳು ಹೊತ್ತು ಮೀರಿ ಬಂದು ಮೆಲ್ಲಗೆ ಮುಖ ತೊಳೆದದ್ದು,
ಗಂಡ ನಿದ್ದೆಗೆಟ್ಟು ಕೆಟಲ್ ತುಂಬಿದ್ದು,
ಎಲ್ಲವನ್ನೂ ಅದು ನನಗೆ ಚಾಡಿ ಹೇಳುತ್ತಿತ್ತು.
ಇನ್ನು ಯಾರಿಗೆ ಯಾವಾಗ ಬಾಯಾರಿತೋ
ಬೆಳಿಗ್ಗೆ ಮುಖ ನೋಡಿಯೇ ತಿಳಿಯಬೇಕು.
ಟಾರ್ಚ್ ಹಿಡಿದು ಇಳಿದೆ. ಪೆಟ್ಟಿಗೆಯ ಮೇಲೆ ಹಸಿರು ಅಂಕೆ, ಐವತ್ತು.
ಮೇಲೆ ಯಾರೋ ನಲ್ಲಿ ತಿರುಗಿಸಿದರು.
ನಲವತ್ತೊಂಬತ್ತು, ರೆಪ್ಪೆ ಬಡಿದಷ್ಟು ಹೊತ್ತು,
ಮತ್ತೆ ಐವತ್ತು.
ಬರಿಗಾಲು ಮರಗಟ್ಟುವ ತನಕ ನಿಂತಿದ್ದೆ.

ಶುಕ್ರವಾರ ಆಲ್ಫೇಯ ತಾಯಿ ಬಂದಳು.
ಜೇಡರ ಬಲೆಯಂಥ ಕೂದಲು, ತೊಟ್ಟಿಯಂಚಿಗೆ ಕುತ್ತಿಗೆ, ಮುಚ್ಚಿದ ಕಣ್ಣು.
ಬಹಳ ಹೊತ್ತಾದ ಮೇಲೆ ಕೇಳಿದಳು,
"ನೀರು ಬಿಡುವುದಿಲ್ಲವೇನೇ?"
ಆಗಲೇ ಬಿಟ್ಟಿದ್ದೇನೆ, ಅಂದೆ.
ಮಹಡಿಯಲ್ಲಿ ಯಾರೋ ಫ್ಲಶ್ ಎಳೆದರು.
ಧಾರೆ ಅಲುಗಲಿಲ್ಲ.
ನನ್ನ ಎಡಗೈ ಮಾತ್ರ, ಕೇಳದೆಯೇ,
ಅವಳ ಕುತ್ತಿಗೆಗೆ ಅಡ್ಡ ಹೋಗಿತ್ತು.