ಚುಕ್ಕಿ

ಗದಗಿನ ಕಾಲೇಜಿನ ಹಿಂದಿನ ಲ್ಯಾಬು.
ಫ್ಯಾನು ಹಚ್ಚಿದ್ರ ಕಾಗದ ಹಾರತಾವ,
ಆರಿಸಿದ್ರ ನಾನ ಕುದೀತೀನಿ.
ಮೇಜಿನ ಮ್ಯಾಲ ನಾಲ್ವತ್ತೊಂದು ಬಾಟಲಿ,
ನಾಲ್ವತ್ತೊಂದು ಬೋರಿನ ನೀರು,
ಚೀಟಿ ಮ್ಯಾಲ ನದಾಫರ ಮಾಬುಸಾಬನ ಓರೆ ಅಕ್ಷರ.

ಫ್ಲೋರೈಡ್ ಎಷ್ಟಂತ ಮೀಟರು ಹೇಳತೈತಿ,
ಅವ ವಹಿಯೊಳಗ ಬರೀತಾನ,
ನಾ ಟೈಪ್ ಮಾಡಿ ಏರಸತೀನಿ
ಎಲ್ಲಾರೂ ನೋಡೂ ರಿಪಾಸಿಟರಿಗೆ.
ಯಾರ ಬೇಕಾದ್ರೂ ತೆರೀಬಹುದು, ತುಂಬಕೊಂಡು ಹೋಗಬಹುದು,
ತಮ್ಮದೊಂದು ಟೊಂಗಿ ಒಡಸಬಹುದು.
ಊರ ಬಾವಿಗೆ ಎಂದೂ ಇರಲಾರದ ಸಲಿಗಿ
ಬಾವಿ ಲೆಕ್ಕಕ್ಕ ಐತಿ.

ದೀಪಾವಳಿ ಮುಗದ ಮಂಗಳವಾರ ಒಂದು ಇಶ್ಯೂ ಬಂತು.
ಯಾರೋ, ಯಾವೂರೋ.
ಹೆಸರಿನ ಜಾಗಾದಾಗ ಒಂದು ಹಕ್ಕಿ ಹೆಸರು,
ಮುಖದ ಜಾಗಾದಾಗ ಬಣ್ಣದ ಚೌಕ.
ಇಂಗ್ಲಿಷಿನ್ಯಾಗ, ಭಾಳ ಮರ್ಯಾದಿಯಿಂದ ಕೇಳಿತ್ತು:
ಹದಿನೇಳನೇ ಬೋರಿನ ಸುತ್ತ ಎಲ್ಲಾ ಮೂರರ ಆಜೂಬಾಜೂ,
ಇದೊಂದ ಯಾಕ ಸೊನ್ನೆ ಚುಕ್ಕಿ ಮೂರು ಒಂದು?
ದಯವಿಟ್ಟು ವಹಿ ನೋಡ್ರಿ.

ನೋಡಿದೆ.
ವಹಿಯೊಳಗ ಮೂರು ಚುಕ್ಕಿ ಒಂದು.
ಚಹಾದ ಕಲೆ ಸೈತ ಅದನ್ನ ಮುಟ್ಟಿಲ್ಲ.
ಸೊನ್ನೆ ನಂದು. ಚುಕ್ಕಿ ಸರಿಸಿದಾಕಿ ನಾನು.
ಎರಡು ವರ್ಷ ನಕಾಶೆಯೊಳಗ ಆ ಬೋರು ಹಸಿರು.

ಪೆನ್‌ಡ್ರೈವಿನ ಕಾಲದಾಗಾಗಿದ್ರ
ಬಾಗಲಾ ಮುಂದ ಮಾಡಿ, ತಿದ್ದಿ, ಸುಮ್ಮನಾಗತಿದ್ದೆ.
ಕಸೂತಿ ಕಲಸೂವಾಗ ನಮ್ಮವ್ವ ಅಂತಿದ್ಲು:
ಗಂಟು ಹಾಕಬ್ಯಾಡ, ಹಿಂದ ಮುಂದ ಒಂದ ಕಾಣಬೇಕು.
ಇಲ್ಲಿ ಹಂಗಲ್ಲ ಯವ್ವಾ,
ಇಲ್ಲಿ ಗಂಟಿಗೆ ತಾರೀಖು, ಗಂಟಿಗೆ ಹೆಸರು,
ಬಿಚ್ಚಿದ್ರ ಬಿಚ್ಚಿದ್ದಕ್ಕೂ ಒಂದು ಸಾಲು.

ಕಮಿಟ್ ಮಾಡೂ ಮುಂಚೆ ಪರದೆ ತೋರಿಸ್ತು:
ತಗದದ್ದು ಕೆಂಪು, ೦.೩೧
ಹಾಕಿದ್ದು ಹಸಿರು, ೩.೧
ಸುಳ್ಳು ಕೆಂಪಾಗಿ, ವಿಷ ಹಸಿರಾಗಿ
ಒಂದರ ಕೆಳಗೊಂದು ಕೂತಿದ್ವು.
ಕಾರಣ ಬರೀರಿ ಅಂದಲ್ಲಿ ಬರದೆ:
ಮೀಟರಿಂದಲ್ಲ, ಮಾಬುಸಾಬಂದಲ್ಲ.
ನಂದು. ಸಾವಂತ್ರಿ ಅಣ್ಣಿಗೇರಿ.

ಹಕ್ಕಿ ಹೆಸರಿನಾವ ಒಂದು ಹೆಬ್ಬೆಟ್ಟು ಎತ್ತಿದ, ಅಷ್ಟ.
ಮಾಬುಸಾಬ ಕೆಂಪು ಬಣ್ಣದ ಡಬ್ಬಿ ತೊಡಿ ಮ್ಯಾಲಿಟಗೊಂಡು
ನನ್ನ ಸ್ಕೂಟರಿನ ಹಿಂದ ಕೂತ.

ಪಂಪಿನ ಕೊರಳಿಗೆ ಬಣ್ಣ ಬಳಿಯೂವಾಗ
ಕೊಡಾ ಹೊತ್ತು ನಿಂತಿದ್ದ ಕರಿಯವ್ವ ಕೇಳಿದ್ಲು:
ಚಲೋ ನೀರು ಅಂತ ಹೇಳಿದಾವರು ಯಾರು?
ನಾನು, ಅಂದೆ.
ಈಗ ಕೆಟ್ಟದ್ದು ಅನ್ನಾವರು?
ಅದೂ ನಾನು.
ಅಕಿ ಮೊಮ್ಮಗಳು ನನ್ನ ನೋಡಿ ನಗಾಕ ಹೋಗಿ
ಕಂದು ಗೆರಿ ಬಿದ್ದ ಹಲ್ಲಿಗೆ ಅಂಗೈ ಅಡ್ಡ ಹಿಡಿತು.

ಕರಿಯವ್ವ ಬೈಯಲಿಲ್ಲ. ಬೈದಿದ್ರ ಚಲೋ ಇತ್ತು.
ಹಂಗಾರ ಇನ್ನೊಂದು ಬರಕೋ ಅಂದ್ಲು,
ನಾಳಿಂದ ನೀರು ಎಲ್ಲಿಂದ ತರಬೇಕು?

ರಾತ್ರಿ ಏರಿಸಿದೆ, ಅಕಿ ಮಾತಿನ್ಯಾಗ,
ಒಂದು ಅಕ್ಷರಾ ತಿದ್ದಲಿಲ್ಲ.
ಏಳು ಮಂದಿ ಓದ್ಯಾರ.
ಇಶ್ಯೂ ಇನ್ನೂ ತೆರದ ಐತಿ.